ಬೆಂಕಿಯಲ್ಲಿ ಗೋಡೆ ಒಡೆದು ಜೀವ ಉಳಿಸಿದರು, ಗೋಡೆಯ ದುಡ್ಡು ಯಾರ ಲೆಕ್ಕಕ್ಕೆ? ಸೂಪರ್‌ಹೀರೋಗಳ ಕಥೆಯಲ್ಲಿ ಯಾರು ಕೊಡ್ತಾರೆ?

ತೊಗರಿ ಗಲ್ಲಿ

ಎಲ್ಲರಿಗೂ ನಮಸ್ಕಾರ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇದೆ. ಬಾಡಿಗೆ ಜಾಗ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಹೋಗಿದ್ದಾಗ ಹಿಂದಿನ ಬಟ್ಟೆ ಗೋದಾಮಿಗೆ ಬೆಂಕಿ ಬಿತ್ತು. ಗೋದಾಮಿನ ಮೂಲೆಯ ಕೋಣೆಯಲ್ಲಿ ಕಾವಲುಗಾರನ ತಾಯಿ ಮತ್ತು ಎರಡು ಸಣ್ಣ ಮಕ್ಕಳಿದ್ದರು. ಹೊರಗೆ ಬರುವ ಒಂದೇ ಬಾಗಿಲು ಬೆಂಕಿಯ ಆಚೆ ಇತ್ತು. ಆ ಕೋಣೆಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಎದುರಿನ ಚಾ ಅಂಗಡಿಯ ಮೂವರು ಹುಡುಗರು ನನ್ನ ಶಟರ್ ಬೀಗ ಮುರಿದು ಒಳಗೆ ನುಗ್ಗಿ, ಹಾರೆ ಹಾಕಿ ಗೋಡೆ ಒಡೆದು, ಮನುಷ್ಯ ಬಗ್ಗಿ ದಾಟುವಷ್ಟು ಕಿಂಡಿ ಮಾಡಿ ಮೂವರನ್ನೂ ಎಳೆದು ತಂದರು. ಅಜ್ಜಿಯ ತಲೆಕೂದಲು ಒಂಚೂರು ಸುಟ್ಟಿತ್ತು, ಅಷ್ಟೇ. ಆಮೇಲೆ ಅಗ್ನಿಶಾಮಕದವರು ಬಂದು ಅದೇ ಕಿಂಡಿಯಿಂದ ನೀರು ಹೊಡೆದರು.

ನಾನು ಬಂದಾಗ ಅಂಗಡಿಯಲ್ಲಿ ಪಾದ ಮುಳುಗುವಷ್ಟು ಕಪ್ಪು ನೀರು. ಕಾಗದದ ರೀಮುಗಳು ಉಬ್ಬಿ ಕಟ್ಟು ಹರಿದುಕೊಂಡಿದ್ದವು. ಬೈಂಡಿಂಗ್‌ಗೆ ಕೊಟ್ಟಿದ್ದ ಕಾಲೇಜು ಹುಡುಗರ ಪ್ರಾಜೆಕ್ಟ್ ಪ್ರತಿಗಳ ಮೇಲೆ ಕೆಂಪು ಬಟ್ಟೆಯ ಬಣ್ಣ ಇಳಿದು ಹಾಳೆಯೆಲ್ಲ ಗುಲಾಬಿ ಆಗಿತ್ತು. ಒಟ್ಟು 1,85,000 ರೂಪಾಯಿ ಹಾನಿ. ಬ್ಯಾಂಕ್ ಸಾಲದ ಜೊತೆ ಮಾಡಿಸಿದ್ದ ವಿಮೆ ಮಷೀನಿಗೆ ಮಾತ್ರ ಇದೆ. ಕಟ್ಟಡದ ಮಾಲೀಕರು ಗೋಡೆಯ ಖರ್ಚನ್ನು ನನ್ನ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತೇನೆ ಅಂತಿದ್ದಾರೆ.

ಆ ಹುಡುಗರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ನಾನು ಅಲ್ಲೇ ಇದ್ದಿದ್ದರೆ ಬೀಗ ನಾನೇ ತೆಗೆದುಕೊಡುತ್ತಿದ್ದೆ. ಆದರೆ ಒಂಬತ್ತನೇ ಕ್ಲಾಸಿನ ನನ್ನ ಮಗ ಕಾಮಿಕ್ಸ್ ಬಹಳ ಓದುತ್ತಾನೆ. ಅವನು ಕೇಳಿದ, "ಅಪ್ಪಾ, ಅವರು ಹೀರೋಗಳು ಅಲ್ವಾ? ಹಾಗಾದರೆ ಗೋಡೆ ದುಡ್ಡು ಯಾರು ಕೊಡಬೇಕು? ಕಥೆಯಲ್ಲಿ ಬಿಲ್ಡಿಂಗ್ ಬಿದ್ದಾಗ ಅದರ ಕೆಳಗಿನ ಅಂಗಡಿಯವನು ಏನು ಮಾಡ್ತಾನೆ?" ನನಗೆ ಉತ್ತರ ಹೊಳೆಯಲಿಲ್ಲ. ನಾನೇ ಆ ಕೆಳಗಿನ ಅಂಗಡಿಯವನು. ತಿಳಿದವರು ಹೇಳಿ.

ಬಿದ್ರಿ ಹೂಜಿ

ಅಣ್ಣಾ, ಓದಿ ಬೇಜಾರಾಯಿತು. ನಾನು ಬೀದರ್‌ನಲ್ಲಿ ಡಿಗ್ರಿ ಓದುತ್ತಿದ್ದೇನೆ, ಕಾಮಿಕ್ಸ್ ನನ್ನ ಜೀವ. ನಿಮ್ಮ ಮಗನ ಪ್ರಶ್ನೆಯನ್ನು ಬರೆಯುವವರೇ ಕೇಳಿಕೊಂಡಿದ್ದಾರೆ. 1988ರಲ್ಲಿ ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನವರು ಡ್ಯಾಮೇಜ್ ಕಂಟ್ರೋಲ್ ಅಂತ ಒಂದು ಕಂಪನಿಯನ್ನು ಕಥೆಯೊಳಗೆ ತಂದರು. ಬರೆದವರು ಡ್ವೇನ್ ಮೆಕ್‌ಡಫಿ, ಚಿತ್ರ ಅರ್ನಿ ಕೊಲೋನ್ ಅವರದು. ಹೊಡೆದಾಟ ಮುಗಿದ ಮೇಲೆ ಬಂದು ಕಟ್ಟಡ, ರಸ್ತೆ ರಿಪೇರಿ ಮಾಡುವುದೇ ಅದರ ಕೆಲಸ. ಅದರ ಪಾಲುದಾರರು ಯಾರು ಗೊತ್ತಾ? ಒಬ್ಬ ಐರನ್‌ಮ್ಯಾನ್, ಅಂದ್ರೆ ಯಂತ್ರದ ಕವಚ ತೊಟ್ಟು ಹಾರುವ ದೊಡ್ಡ ಉದ್ಯಮಿ ಟೋನಿ ಸ್ಟಾರ್ಕ್. ಇನ್ನೊಬ್ಬ ಕಿಂಗ್‌ಪಿನ್ ಅನ್ನೋ ಖಳ. ಒಡೆಯುವವನೂ ಪಾಲುದಾರ, ಕಟ್ಟುವುದರಲ್ಲೂ ಲಾಭ!

ಮುಂದೆ 2006ರ ಕಥೆಯಲ್ಲಿ ಇದೇ ಕಂಪನಿಯ ಮುಖ್ಯಸ್ಥ ರಿಪೇರಿ ಕಾಂಟ್ರಾಕ್ಟ್ ಸಿಗಲಿ ಅಂತ ನೈಟ್ರೋ ಅನ್ನೋ ಖಳನಿಗೆ ಶಕ್ತಿ ಹೆಚ್ಚಿಸುವ ಔಷಧ ಕೊಟ್ಟಿರುತ್ತಾನೆ. ಸ್ಟ್ಯಾಮ್‌ಫರ್ಡ್ ಊರಲ್ಲಿ ಶಾಲೆಯ ಪಕ್ಕ ಅವನು ಸಿಡಿಯುತ್ತಾನೆ. 600ಕ್ಕೂ ಹೆಚ್ಚು ಜನ ಸಾಯುತ್ತಾರೆ, ಅದರಲ್ಲಿ ಮಕ್ಕಳೂ ಇರುತ್ತಾರೆ. ಅವನನ್ನು ಹಿಡಿಯಲು ಹೋಗಿದ್ದ ಎಳೆಯ ಹೀರೋಗಳು ಟಿವಿ ರಿಯಾಲಿಟಿ ಶೋಗೆ ಶೂಟಿಂಗ್ ಮಾಡುತ್ತಾ ಹೋಗಿದ್ದರು. ಅದಾದ ಮೇಲೆ ಎಲ್ಲಾ ಹೀರೋಗಳೂ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಅನ್ನೋ ಕಾನೂನು ಬರುತ್ತದೆ.

ಯಾದಗಿರಿ ಬೆಟ್ಟ

ನನ್ನ ಮಾತು ಬಹಳ ಸರಳ. ಉಪಕಾರ ಮಾಡಿದವನ ಹತ್ತಿರ ದುಡ್ಡು ಕೇಳಬಾರದು. ಇವತ್ತು ಆ ಹುಡುಗರಿಗೆ ಬಿಲ್ ಕೊಟ್ಟರೆ ನಾಳೆ ಯಾವ ಬೆಂಕಿಗೂ ಯಾರೂ ಹತ್ತಿರ ಬರಲ್ಲ. ರಸ್ತೆಯಲ್ಲಿ ಆಕ್ಸಿಡೆಂಟ್ ಆದವರನ್ನು ಪೊಲೀಸ್ ಕಾಟಕ್ಕೆ ಹೆದರಿ ಯಾರೂ ಮುಟ್ಟದೇ ಇದ್ದ ಕಾಲ ನಾನು ಕಣ್ಣಾರೆ ನೋಡಿದ್ದೇನೆ. ಶಹಾಪುರ ರಸ್ತೆಯಲ್ಲಿ ಒಬ್ಬ ಮುದುಕರು ಅರ್ಧ ಗಂಟೆ ಬಿದ್ದಿದ್ದರು. ನಾವು ಹತ್ತು ಜನ ಸುತ್ತ ನಿಂತಿದ್ದೆವು. ಹೀರೋ ಆಗಲಿ, ಚಾ ಅಂಗಡಿ ಹುಡುಗ ಆಗಲಿ, ಹೊಣೆ ಹೊರಿಸಿದರೆ ಎಲ್ಲರೂ ಸುಮ್ನೆ ನಿಂತು ನೋಡ್ತಾರೆ.

ಕರಿಕೋಟು

ನಾನು ಕಲಬುರಗಿಯಲ್ಲಿ ವಕೀಲ. ಹೆಚ್ಚಾಗಿ ಮೋಟಾರು ಅಪಘಾತ ಪರಿಹಾರದ ಕೇಸುಗಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬೆಟ್ಟದಣ್ಣ ಹೇಳಿದ್ದು ಸರಿ. ಕಾನೂನೂ ಅದನ್ನೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ, ಹಳೆಯ ದಂಡ ಸಂಹಿತೆಯಲ್ಲಿ 81 ಇತ್ತು. ದೊಡ್ಡ ಕೇಡು ತಪ್ಪಿಸಲು ಒಳ್ಳೆಯ ಮನಸ್ಸಿನಿಂದ ಸಣ್ಣ ಕೇಡು ಮಾಡಿದರೆ ಅಪರಾಧ ಅಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆಯೇ ಬೆಂಕಿಯದು: ದೊಡ್ಡ ಬೆಂಕಿ ಹರಡದಂತೆ ಜೀವ, ಆಸ್ತಿ ಉಳಿಸಲು ಮನೆಗಳನ್ನು ಕೆಡವಿದವನು. ಹಾಗಾಗಿ ಬೀಗ ಮುರಿದರು, ಗೋಡೆ ಒಡೆದರು ಅಂತ ಆ ಹುಡುಗರ ಮೇಲೆ ಯಾರು ಕ್ರಿಮಿನಲ್ ಕೇಸು ಹಾಕಿದರೂ ಅದು ನಿಲ್ಲುವುದಿಲ್ಲ. ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗೆ ಕರ್ನಾಟಕ 2016ರಲ್ಲೇ ತನ್ನದೇ ಕಾನೂನು ಮಾಡಿತು. ಕೇಂದ್ರದವರು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಇದೇ ರಕ್ಷಣೆಯ 134ಎ ಕಲಂ ಸೇರಿಸಿದರು. ಅಲ್ಲಿ ಒಂದು ಮಾತು ಗಮನಿಸಿ. ರಕ್ಷಣೆ ಸಿಗುವುದು ಸ್ವಇಚ್ಛೆಯಿಂದ, ಪ್ರತಿಫಲದ ಆಸೆ ಇಲ್ಲದೆ ನೆರವಾದವರಿಗೆ. ಬೀದರ್ ತಮ್ಮ ಹೇಳಿದ ಟಿವಿ ಶೋ ಹೀರೋಗಳು ಆ ನೆರಳಿಗೆ ಬರುವುದೇ ಇಲ್ಲ. ಅವರು ಕ್ಯಾಮೆರಾ ಹಿಡಿದುಕೊಂಡು ವ್ಯಾಪಾರಕ್ಕೆ ಹೋದವರು.

ಆದರೆ ಒಂದು ಗಂಟು ಉಳಿಯಿತು. ಒಡೆದದ್ದು ತಪ್ಪಲ್ಲ ಅಂದ ಮಾತ್ರಕ್ಕೆ ನಷ್ಟ ಆಗಿಲ್ಲ ಅಂತ ಅಲ್ಲವಲ್ಲ. ಅಮೆರಿಕದ ಎರಡು ಹಳೆಯ ತೀರ್ಪುಗಳಿವೆ. ಹೀರೋಗಳ ಊರು ಅದೇ ಆದ್ದರಿಂದ ಹೇಳುತ್ತೇನೆ. 1849ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಂಕಿ ಬಿದ್ದಾಗ ಊರಿನ ಮುಖ್ಯಾಧಿಕಾರಿ ಒಬ್ಬನ ಮನೆಯನ್ನು ಸಿಡಿಮದ್ದಿಟ್ಟು ಹಾರಿಸಿದ. ಇಡೀ ಊರು ಉಳಿಸಲು ಮಾಡಿದ್ದು, ದುಡ್ಡು ಕೊಡಬೇಕಿಲ್ಲ ಅಂತ 1853ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿತು. ಇನ್ನೊಂದು 1910ರ ಮಿನ್ನೆಸೋಟಾ ತೀರ್ಪು. ಬಿರುಗಾಳಿಯಲ್ಲಿ ಹಡಗು ಉಳಿಸಿಕೊಳ್ಳಲು ಅದನ್ನು ಬೇರೆಯವರ ಕಟ್ಟೆಗೇ ಬಿಗಿದು ಕಟ್ಟಿದರು. ಹಡಗು ಬಡಿದು ಬಡಿದು ಕಟ್ಟೆ ಹಾಳಾಯಿತು. ಕಟ್ಟಿದ್ದು ತಪ್ಪಲ್ಲ, ಆದರೆ ನಿನ್ನ ಹಡಗು ಅವನ ಕಟ್ಟೆಯ ಖರ್ಚಿನಲ್ಲಿ ಉಳಿಯಿತು, ಆದ್ದರಿಂದ 500 ಡಾಲರ್ ಕೊಡು ಅಂತ ತೀರ್ಪು ಬಂತು.

ನನಗೆ ಎರಡನೆಯದು ಹಿಡಿಸುತ್ತದೆ. ತೊಗರಿ ಗಲ್ಲಿಯವರೇ, ಮೂರು ಜೀವ ಉಳಿದವು. ಅದಕ್ಕೆ ಒಂದು ಬೆಲೆ ಬಿತ್ತು. ಆ ಬೆಲೆ ಪೂರ್ತಿ ನಿಮ್ಮೊಬ್ಬರ ತಲೆ ಮೇಲೆ ಬಿದ್ದದ್ದು ನ್ಯಾಯ ಅಲ್ಲ.

ತೊಗರಿ ಗಲ್ಲಿ

ವಕೀಲ್ ಸಾಹೇಬ್ರೇ, ನನಗೆ ಹೇಳಲು ಬಾರದೇ ಇದ್ದದ್ದನ್ನು ಹೇಳಿದಿರಿ. ಎಲ್ಲರೂ ಬಂದು "ದೇವರು ದೊಡ್ಡವನು, ಜೀವ ಉಳಿಯಿತಲ್ಲ" ಅಂತಾರೆ. ಹೌದು, ಉಳಿಯಿತು. ಆದರೆ ನನ್ನ ನಷ್ಟದ ಮಾತು ತೆಗೆದರೆ ನಾನೇ ಜೀವಕ್ಕಿಂತ ಕಾಗದ ದೊಡ್ಡದು ಅಂದ ಹಾಗೆ ನೋಡ್ತಾರೆ.

ಶಹಾಬಾದ್ ಕಲ್ಲು

ನಾನು ಕಟ್ಟಡದ ಗುತ್ತಿಗೆದಾರ. ಗಲ್ಲಿಯ ಅಂಗಡಿ ಅಂದ್ರಿ. ಹಳೆಯ ಕಲ್ಲಿನ ಗೋಡೆ, ಮೇಲೆ ಗರ್ಡರ್ (ಕಬ್ಬಿಣದ ತೊಲೆ) ಹಾಕಿ ಪರ್ಸಿ ಕಲ್ಲಿನ ಚಪ್ಪಡಿ ಮುಚ್ಚಿದ ಛತ್ತು ಇರಬೇಕು ಅಲ್ವಾ? ಕಿಂಡಿ ಎಲ್ಲಿ ಒಡೆದಿದ್ದಾರೆ? ಗರ್ಡರ್ ಕೂತ ಜಾಗದ ಕೆಳಗೋ, ಎರಡು ಗರ್ಡರ್ ನಡುವೆಯೋ?

ತೊಗರಿ ಗಲ್ಲಿ

ಈಗಷ್ಟೇ ಹೋಗಿ ನೋಡಿ ಬಂದೆ. ಎರಡು ಗರ್ಡರ್ ನಡುವೆ. ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಒಡೆದಿದ್ದಾರೆ. ಆ ಮೂವರಲ್ಲಿ ಒಬ್ಬ ಮೊದಲು ಗೌಂಡಿ ಕೈಕೆಳಗೆ ಕೆಲಸ ಮಾಡಿದವನು.

ಶಹಾಬಾದ್ ಕಲ್ಲು

ಹಾಗಾದ್ರೆ ಆ ಹುಡುಗ ತಿಳಿದೇ ಮಾಡಿದ್ದಾನೆ. ಗರ್ಡರ್ ಕೆಳಗಿನ ಕಲ್ಲು ಕಿತ್ತಿದ್ದರೆ ಛತ್ತಿನ ಪರ್ಸಿಗಳು ಒಂದರ ಹಿಂದೆ ಒಂದು ಕುಸಿದು ಅಜ್ಜಿ, ಮಕ್ಕಳು, ಹುಡುಗರು ಎಲ್ಲರೂ ಅದರಡಿ ಸಿಕ್ಕಿಕೊಳ್ಳುತ್ತಿದ್ದರು. ಅಷ್ಟು ಹೊಗೆಯಲ್ಲಿ, ಅಷ್ಟು ಗಡಿಬಿಡಿಯಲ್ಲಿ ಅವನು ತಲೆ ಎತ್ತಿ ಗರ್ಡರ್ ಎಲ್ಲಿದೆ ಅಂತ ನೋಡಿದ್ದಾನಲ್ಲ, ನನ್ನ ಹತ್ತಿರ ಕೆಲಸ ಮಾಡುವವರಲ್ಲೂ ಎಲ್ಲರಿಗೂ ಆ ಬುದ್ಧಿ ಇಲ್ಲ. ಸಿನಿಮಾದಲ್ಲಿ ನೋಡಿ, ಒಬ್ಬನನ್ನು ಉಳಿಸಲು ಕಂಬಕ್ಕೇ ಗುದ್ದುತ್ತಾರೆ. ನೋಡುವಾಗ ನನ್ನ ಹೊಟ್ಟೆ ತಳಮಳ ಅನ್ನುತ್ತದೆ. ಆ ಕಂಬ ಎಷ್ಟು ಮಹಡಿಯ ಭಾರ ಹೊತ್ತಿರುತ್ತದೆ, ಯಾರಾದರೂ ಲೆಕ್ಕ ಹಾಕಿದ್ದಾರಾ?

ಕರಿಕೋಟು

ಕಲ್ಲಣ್ಣ, ನೀವು ಹೇಳಿದ್ದು ಕೋರ್ಟಿನ ಭಾಷೆಯಲ್ಲಿ ತಕ್ಕ ಎಚ್ಚರಿಕೆ. ಆಪತ್ತಿನ ಹೊತ್ತಲ್ಲಿ ಒಬ್ಬನಿಂದ ನಿಧಾನವಾಗಿ ಕೂತು ಯೋಚಿಸುವವನ ಜಾಣತನವನ್ನು ಕಾನೂನು ಕೇಳುವುದಿಲ್ಲ. ಆ ಹೊತ್ತಿಗೆ ಆಗುವಷ್ಟು ಎಚ್ಚರ ಇತ್ತಾ ಅಂತ ಮಾತ್ರ ಕೇಳುತ್ತದೆ. ಆದರೆ ಬಲ್ಲವನಿಂದ ಬಲ್ಲವನ ಎಚ್ಚರವನ್ನೇ ಕೇಳುತ್ತದೆ. ಡಾಕ್ಟರ ತಪ್ಪನ್ನು ಅಳೆಯುವಾಗ ಒಬ್ಬ ಸಾಧಾರಣ ಡಾಕ್ಟರಿಗೆ ಇರಬೇಕಾದ ಕೌಶಲ ಇತ್ತಾ ಅಂತ ನೋಡುತ್ತಾರೆ. ದಾರಿಹೋಕನ ಅಳತೆ ಅಲ್ಲಿ ನಡೆಯುವುದಿಲ್ಲ. ಕಟ್ಟಡ ಎತ್ತುವ ಬಲ ಇರುವವನಿಗೆ ಕಟ್ಟಡ ಹೇಗೆ ನಿಂತಿದೆ ಅನ್ನೋ ತಿಳಿವಳಿಕೆಯೂ ಇರಲೇಬೇಕು.

ಬಿದ್ರಿ ಹೂಜಿ

ಸರ್, ಇದಕ್ಕೆ ಸ್ಪೈಡರ್‌ಮ್ಯಾನ್ ಕಥೆಯಲ್ಲಿ ಒಂದು ಘಟನೆ ಇದೆ. 1973ರ ಸಂಚಿಕೆ. ಗ್ರೀನ್ ಗಾಬ್ಲಿನ್ ಅನ್ನೋ ಖಳ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್‌ಳನ್ನು ಸೇತುವೆಯ ಮೇಲಿಂದ ಕೆಳಗೆ ಬೀಳಿಸುತ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಎಸೆದು ಕಾಲಿಗೆ ಹಿಡಿಯುತ್ತಾನೆ. ಮೇಲೆ ಎಳೆದು ನೋಡಿದರೆ ಆಕೆ ಸತ್ತಿರುತ್ತಾಳೆ. ಆಮೇಲೆ ಓದುಗರ ಪತ್ರಗಳ ಪುಟದಲ್ಲಿ ಸಂಪಾದಕರೇ ಉತ್ತರ ಕೊಟ್ಟರು: ಬೀಳುತ್ತಿದ್ದವಳನ್ನು ಬಲೆ ಗಕ್ಕನೆ ತಡೆದ ಜಗ್ಗಿಗೇ ಪ್ರಾಣ ಹೋಯಿತು ಅಂತ. ಅಂದ್ರೆ ಉಳಿಸಿದ ಕೈಯೇ ಕೊಂದಿತು. ನಾನು ಅದನ್ನು ಮೊದಲು ಓದಿದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇದರಲ್ಲಿ ಅವನ ಹೊಣೆ ಎಷ್ಟು?

ಕರಿಕೋಟು

ನನ್ನ ಮಟ್ಟಿಗೆ ಹೊಣೆ ಬೀಳಿಸಿದವನದು. ಗಾಬ್ಲಿನ್ ಮೇಲೆ ಕೊಲೆ ಕೇಸು. ಅಪಾಯ ಹುಟ್ಟಿಸಿದವನು ಅದನ್ನು ತಪ್ಪಿಸಲು ಬಂದವನ ಕೈ ತಪ್ಪಿತು ಅಂತ ಜಾರಿಕೊಳ್ಳುವ ಹಾಗಿಲ್ಲ. ಈ ಸೂತ್ರ ನೆನಪಿಟ್ಟುಕೊಳ್ಳಿ, ಗೋದಾಮಿನ ವಿಷಯಕ್ಕೂ ಬೇಕಾಗುತ್ತದೆ.

ಸ್ಪೈಡರ್‌ಮ್ಯಾನ್ ಮೇಲೆ ಮೊದಲನೇ ಸಲಕ್ಕೆ ಹೊಣೆ ಹೊರಿಸಲಾರೆ. ಆದರೆ ಅದೇ ರೀತಿ ಎರಡನೇ ಸಲ ಹಿಡಿದು ಇನ್ನೊಬ್ಬರು ಸತ್ತರೆ ಖಂಡಿತ ಹೊರಿಸುತ್ತೇನೆ.

ಜಾತ್ರೆ ತೇರು

ಹಲ್ಕ್ ಬಗ್ಗೆ ಯಾರೂ ಮಾತಾಡಲಿಲ್ಲ. ಅವನಿಗೆ ಮೈಮೇಲೆ ಎಚ್ಚರವೇ ಇರಲ್ಲ, ಹಾಗಾದ್ರೆ ಹೊಣೆಯೂ ಇಲ್ವಾ?

ಕರಿಕೋಟು

ಶಿಕ್ಷೆ ಆಗದಿರಬಹುದು. ಆದರೆ ಹಳ್ಳಿಯ ಲೆಕ್ಕ ನೋಡಿ. ಹಾಯುವ ಎತ್ತು ಅಂತ ಗೊತ್ತಿದ್ದೂ ಅದನ್ನು ಸಂತೆಗೆ ಬಿಟ್ಟರೆ ಎತ್ತಿಗೆ ಬುದ್ಧಿ ಇಲ್ಲ ಅಂತ ಮಾಲೀಕ ತಪ್ಪಿಸಿಕೊಳ್ಳುತ್ತಾನಾ? ಸಿಟ್ಟು ಬಂದರೆ ಮೈ ಬದಲಾಗಿ ಹಲ್ಕ್ ಆಗುತ್ತೇನೆ ಅಂತ ಬ್ರೂಸ್ ಬ್ಯಾನರ್‌ಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಜನ ಇರುವ ಕಡೆ ಬಂದರೆ ಅವನೇ ಹೊಣೆ.

ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿದೆ. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನ್ನೋ ವಿಷ ಅನಿಲ ಸೋರಿತು. ಭೋಪಾಲ್ ದುರಂತವಾಗಿ ಒಂದು ವರ್ಷವಷ್ಟೇ ಆಗಿತ್ತು. ಆ ಸೋರಿಕೆಯ ಎಂ.ಸಿ. ಮೆಹ್ತಾ ಕೇಸಿನಲ್ಲಿ 1986ರ ತೀರ್ಪು ಏನು ಹೇಳಿತು ಅಂದ್ರೆ, ಅಪಾಯದ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದೆ ಅಂದರೂ ಕೇಳಲ್ಲ, ನಷ್ಟ ತುಂಬಲೇಬೇಕು. ಉದ್ಯಮ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದು. ಟೋನಿ ಸ್ಟಾರ್ಕ್ ಕಲಬುರಗಿಯಲ್ಲಿ ಹಾರಾಡಿದ್ದರೆ ನಾನು ಮೊದಲು ಹಿಡಿಯುತ್ತಿದ್ದದ್ದು ಈ ತೀರ್ಪನ್ನೇ.

ಬಿದ್ರಿ ಹೂಜಿ

ಬ್ಯಾಟ್‌ಮ್ಯಾನ್ ಕೂಡ ಸಿಗುತ್ತಾನೆ ಸರ್. ಮುಖವಾಡದ ಹಿಂದಿರುವವನು ಬ್ರೂಸ್ ವೇಯ್ನ್ ಅನ್ನೋ ದೊಡ್ಡ ಶ್ರೀಮಂತ, 2010ರ ಕಥೆಯಲ್ಲಿ ಅವನು ಎಲ್ಲರ ಮುಂದೆ ನಿಂತು ಇಷ್ಟು ವರ್ಷ ಬ್ಯಾಟ್‌ಮ್ಯಾನ್‌ಗೆ ದುಡ್ಡು ಹಾಕಿದವನು ನಾನೇ ಅಂತ ಹೇಳಿಬಿಡುತ್ತಾನೆ. ಆದರೆ ಸ್ಪೈಡರ್‌ಮ್ಯಾನ್ ಹತ್ತಿರ ಏನು ಸಿಗುತ್ತದೆ? 1963ರ ಸಂಚಿಕೆಯಲ್ಲಿ ಪ್ರದರ್ಶನ ಕೊಟ್ಟದ್ದಕ್ಕೆ ಅವನಿಗೆ ಚೆಕ್ ಸಿಗುತ್ತದೆ, ಸ್ಪೈಡರ್‌ಮ್ಯಾನ್ ಅನ್ನೋ ಹೆಸರಿಗೆ. ಬ್ಯಾಂಕಿನವರು ಗುರುತಿನ ಚೀಟಿ ಕೇಳುತ್ತಾರೆ. ಮುಖವಾಡ ಹಾಕಿದ ಹುಡುಗ ಬರಿಗೈಯಲ್ಲಿ ವಾಪಸ್ ಬರುತ್ತಾನೆ. ಮನೆಯಲ್ಲಿ ಬಾಡಿಗೆ ಕಟ್ಟಲು ದುಡ್ಡಿಲ್ಲ. ಅಂಥವನ ಮೇಲೆ ಕೋಟಿ ರೂಪಾಯಿ ಡಿಕ್ರಿ ತಂದು ಏನು ಮಾಡುವುದು? ಕೇಸು ಹಾಕಲು ಅವನ ನಿಜ ಹೆಸರೇ ಗೊತ್ತಿಲ್ಲ.

ಪಾಲಿಸಿ ಅಕ್ಕ

ಹೆಸರು ಗೊತ್ತಿಲ್ಲದವನಿಗೂ ನಮ್ಮಲ್ಲಿ ದಾರಿ ಇದೆ. ನಾನು ವಿಮೆ ಸರ್ವೇ ಕೆಲಸ ಮಾಡುತ್ತೇನೆ. ಮುಖವಾಡ ಅಂದ್ರೆ ನಂಬರ್ ಪ್ಲೇಟ್ ಇಲ್ಲದ ಗಾಡಿ ಅಂದುಕೊಳ್ಳಿ. ಗುದ್ದಿ ಓಡಿಹೋದ ಗಾಡಿ ಯಾವುದು ಅಂತ ಪತ್ತೆ ಆಗದಿದ್ದರೆ ನಿಧಿಯಿಂದ ಪರಿಹಾರ ಕೊಡುವ ಪದ್ಧತಿ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಮೊತ್ತ ಕಡಿಮೆ, ಒಪ್ಪುತ್ತೇನೆ. ಆದರೆ ಯೋಚನೆ ಸರಿಯಿದೆ. ಗುದ್ದಿದವನು ಸಿಗಲಿಲ್ಲ ಅಂತ ಸತ್ತವನ ಮನೆಯವರು ಬರಿಗೈಯಲ್ಲಿ ಹೋಗಬಾರದು.

ಗೊತ್ತಿರುವ ಗಾಡಿಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನೀವು ಎಷ್ಟೇ ಚೆನ್ನಾಗಿ ಓಡಿಸಿದರೂ ಅದಿಲ್ಲದೆ ರಸ್ತೆಗೆ ಇಳಿಯುವ ಹಾಗಿಲ್ಲ. ಹಾರುವವನಿಗೂ ಇದೇ ನಿಯಮ ಹಾಕಬಹುದು ಅಲ್ವಾ? ಅವನ ಗುಣ ಒಳ್ಳೆಯದೋ ಕೆಟ್ಟದೋ ಅನ್ನೋ ಪ್ರಶ್ನೆಯೇ ಬೇಡ. ಅವನಿಂದ ರಸ್ತೆಯಲ್ಲಿರುವವರಿಗೆ ಅಪಾಯ ಇದೆ, ಆದ್ದರಿಂದ ವಿಮೆ ಇರಲಿ. ಸ್ಪೈಡರ್‌ಮ್ಯಾನ್ ಥರದ ಬಡ ಹುಡುಗನ ಪ್ರೀಮಿಯಂ ಊರಿನವರು ತುಂಬಲಿ. ಕಾಪಾಡಿಸಿಕೊಳ್ಳುವವರು ಅವರೇ ತಾನೆ.

ತೊಗರಿ ಗಲ್ಲಿ ಅಣ್ಣ, ಒಂದು ವಿಷಯ ನಿಮಗೆ ಹೇಳಲೇಬೇಕು. ಬೆಂಕಿ ವಿಮೆ ಇದ್ದಿದ್ದರೆ ಆರಿಸಲು ಹೊಡೆದ ನೀರಿನಿಂದ ಆದ ಹಾನಿಯನ್ನೂ ಬೆಂಕಿಯ ಹಾನಿ ಅಂತಲೇ ಲೆಕ್ಕ ಹಿಡಿಯುತ್ತಾರೆ. ಬೆಂಕಿ ನಿಮ್ಮ ಅಂಗಡಿಯಲ್ಲೇ ಹುಟ್ಟಬೇಕು ಅಂತಿಲ್ಲ. ಸಣ್ಣ ವ್ಯಾಪಾರಿಗಳಿಗೆ ಅಂತಲೇ 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನೋ ಪಾಲಿಸಿ ಇದೆ, 5 ಕೋಟಿವರೆಗಿನ ಆಸ್ತಿಗೆ. ಬ್ಯಾಂಕಿನವರು ಸಾಲ ಕೊಡುವಾಗ ಅವರ ಮಷೀನಿಗೆ ಮಾತ್ರ ಮಾಡಿಸಿ ಕೈತೊಳೆದುಕೊಂಡರು. ನಿಮ್ಮ ದಾಸ್ತಾನು ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಇಂಥ ಅಂಗಡಿಗಳನ್ನು ವಾರಕ್ಕೆ ಒಂದಾದರೂ ನೋಡುತ್ತೇನೆ, ಪ್ರತಿ ಸಲವೂ ಸಂಕಟ ಆಗುತ್ತದೆ.

ಯಾದಗಿರಿ ಬೆಟ್ಟ

ಅಕ್ಕ ಹೇಳಿದ್ದು ನನಗೆ ಒಪ್ಪಿಗೆ. ಹೀರೋ ಜೇಬಿಗೆ ಕೈ ಹಾಕುವುದು ಬೇಡ, ಆದರೆ ಅಂಗಡಿಯವನ ಜೇಬೂ ಖಾಲಿ ಆಗಬಾರದು. ನಾನು ಮೊದಲು ಬರೆದಾಗ ಅಂಗಡಿಯವರ ಕಡೆ ನೋಡಿರಲೇ ಇಲ್ಲ.

ಜಾತ್ರೆ ತೇರು

ಸರ್ಕಾರವೇ ಹೀರೋಗಳನ್ನು ನೌಕರಿಗೆ ತೆಗೆದುಕೊಂಡರೆ? ಆಗ ಸರ್ಕಾರವೇ ಕೊಡುತ್ತದಲ್ಲ.

ಕರಿಕೋಟು

ಅಷ್ಟು ಸುಲಭ ಅಲ್ಲ. ಮೀರತ್‌ನ ಪೊಲೀಸರು ಒಬ್ಬ ವ್ಯಾಪಾರಿಯ ಬಂಗಾರ ವಶಪಡಿಸಿಕೊಂಡರು. ಅದನ್ನು ಎತ್ತಿಕೊಂಡು ಹೆಡ್ ಕಾನ್‌ಸ್ಟೇಬಲ್ ಪಾಕಿಸ್ತಾನಕ್ಕೆ ಓಡಿಹೋದ. ಪೊಲೀಸ್ ಕೆಲಸ ಸರ್ಕಾರದ ಸಾರ್ವಭೌಮ ಕೆಲಸ, ಆದ್ದರಿಂದ ಸರ್ಕಾರ ಬಂಗಾರದ ಬೆಲೆ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 1964ರಲ್ಲಿ ಹೇಳಿತು. ಜೀವದ ವಿಷಯದಲ್ಲಿ ಆಮೇಲೆ ಕೋರ್ಟುಗಳು ಬಹಳ ಬದಲಾದವು. ಆದರೆ ಹೀರೋ ಸರ್ಕಾರಿ ನೌಕರ ಆದರೆ ಅಂಗಡಿಯವನಿಗೆ ದುಡ್ಡು ಸಿಕ್ಕೇ ಸಿಗುತ್ತದೆ ಅಂತ ನಾನು ಬರೆದುಕೊಡಲಾರೆ.

ಇನ್ನೊಂದು, 2011ರ ಛತ್ತೀಸ್‌ಗಢದ ತೀರ್ಪು. ಸರಿಯಾದ ತರಬೇತಿ ಇಲ್ಲದ ಆದಿವಾಸಿ ಯುವಕರ ಕೈಗೆ ಬಂದೂಕು ಕೊಟ್ಟು ವಿಶೇಷ ಪೊಲೀಸ್ ಅಂತ ನಕ್ಸಲರ ವಿರುದ್ಧ ಕಳಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸಿನಿಮಾದಲ್ಲಿ ಟೋನಿ ಸ್ಟಾರ್ಕ್ ಸ್ಪೈಡರ್‌ಮ್ಯಾನ್‌ಗೆ ಮಾಡಿದ ಹಾಗೆ ಹದಿನೈದು ವರ್ಷದ ಪೋರನಿಗೆ ಸೂಟು ಹೊಲಿಸಿ ಕೊಟ್ಟು ಯುದ್ಧಕ್ಕೆ ಕರೆದೊಯ್ಯುವವರೂ ಇದನ್ನು ಓದಬೇಕು. ಅಲ್ಲಿ ಹೊಣೆ ಹುಡುಗನದಲ್ಲ, ಕರೆದೊಯ್ದವನದು.

ತೊಗರಿ ಗಲ್ಲಿ

ಎಲ್ಲವನ್ನೂ ಮಗನಿಗೆ ಓದಿ ಹೇಳಿದೆ. ಹಡಗಿನ ಕಥೆಯನ್ನು ಎರಡು ಸಲ ಓದಿಸಿದ. ಆಮೇಲೆ ಕೇಳಿದ, "ಹಾಗಾದರೆ ನಮ್ಮ ಕೇಸಿನಲ್ಲಿ ಹಡಗು ಯಾರದು?"

ಕರಿಕೋಟು

ಹುಡುಗ ಸರಿಯಾದ ಜಾಗಕ್ಕೆ ಬಂದ. ಉಳಿದದ್ದು ಅಜ್ಜಿ, ಮಕ್ಕಳು. ಅವರ ಹತ್ತಿರ ಕೇಳುವ ಪ್ರಶ್ನೆಯೇ ಇಲ್ಲ. ಆದರೆ ಅವರನ್ನು ಒಂದೇ ಬಾಗಿಲಿನ ಕೋಣೆಯಲ್ಲಿ, ಬಟ್ಟೆ ಗಂಟುಗಳ ಹಿಂದೆ ಇಟ್ಟವರು ಯಾರು? ಗೋದಾಮಿನವರು. ಬೆಂಕಿ ಹೇಗೆ ಹತ್ತಿತು? ವೈರಿಂಗ್ ಹಳೆಯದಾ? ಗಾಬ್ಲಿನ್ ಸೂತ್ರ ನೆನಪಿಸಿಕೊಳ್ಳಿ. ಅಪಾಯ ಹುಟ್ಟಿಸಿದವರು ಯಾರೋ ಅವರ ಹೆಸರಿಗೆ ನೋಟಿಸ್ ಹೋಗಬೇಕು. ಅವರಿಗೆ ವಿಮೆ ಇದ್ದರೆ ಅವರ ಕಂಪನಿಯೂ ಮಾತಿಗೆ ಬರುತ್ತದೆ.

ಡಿಪಾಸಿಟ್ ಬಗ್ಗೆ ನಿಮ್ಮ ಮಾಲೀಕರಿಗೆ ಹೇಳಿ: ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ಜಾಗವನ್ನು ಇದ್ದ ಹಾಗೆ ಹಿಂದಿರುಗಿಸಬೇಕು ನಿಜ, ಆದರೆ ಬಳಕೆಯ ಸವೆತ ಮತ್ತು ತಡೆಯಲಾಗದ ಬಲದಿಂದ ಆದ ಹಾನಿ ಅದಕ್ಕೆ ಸೇರುವುದಿಲ್ಲ. ಕರಾರು ಪತ್ರದಲ್ಲಿ ಬೇರೆ ಷರತ್ತು ಬರೆದಿದೆಯಾ ನೋಡಬೇಕು.

ತೊಗರಿ ಗಲ್ಲಿ

ಗೋದಾಮಿನವರ ಹತ್ತಿರ ನಿನ್ನೆ ಸಂಜೆ ಹೋಗಿದ್ದೆ. ಗೋಡೆಯ ಕಲ್ಲು, ಸಿಮೆಂಟು ಕೊಡ್ತೇವೆ, ಕಾಗದದ ಲೆಕ್ಕ ನಮಗೆ ಬೇಡ ಅಂದರು. ಚಾ ಅಂಗಡಿ ಹುಡುಗರು ಕೇಳಿಸಿಕೊಂಡು ಭಾನುವಾರ ಬಂದು ಗೋಡೆ ನಾವೇ ಕಟ್ಟಿಕೊಡುತ್ತೇವೆ ಅಂತಿದ್ದಾರೆ. ಕೂಲಿ ತೆಗೆದುಕೊಂಡರೆ ಮಾತ್ರ ಬನ್ನಿ ಅಂದಿದ್ದೇನೆ.

ಶಹಾಬಾದ್ ಕಲ್ಲು

ಭಾನುವಾರ ನಾನೂ ಬರುತ್ತೇನೆ. ಕಟ್ಟುವ ಮೊದಲು ಆ ಎರಡು ಗರ್ಡರ್‌ಗಳಿಗೆ ಕೆಳಗಿನಿಂದ ಆಸರೆ ಕೊಡಬೇಕು, ನೀರು ಕುಡಿದ ಗೋಡೆ ಅದು. ಜ್ಯಾಕ್ ನನ್ನ ಹತ್ತಿರ ಇವೆ.

ಕರಿಕೋಟು

ಕಟ್ಟುವ ಮೊದಲು ಕಿಂಡಿಯ ಫೋಟೋ ಎಲ್ಲಾ ಕಡೆಯಿಂದ ತೆಗೆದಿಡಿ, ಗರ್ಡರ್ ಕಾಣುವ ಹಾಗೆ. ಗುಲಾಬಿ ಆದ ಹಾಳೆಗಳನ್ನು ಎಸೆಯಬೇಡಿ. ಕಾಗದ ಖರೀದಿಯ ಬಿಲ್ಲುಗಳು, ಅಗ್ನಿಶಾಮಕ ಠಾಣೆಯ ವರದಿಯ ಪ್ರತಿ, ಬಾಡಿಗೆ ಕರಾರು, ಇಷ್ಟು ಹಿಡಿದುಕೊಂಡು ಸೋಮವಾರ ಹತ್ತೂವರೆ ಒಳಗೆ ಕೋರ್ಟ್ ಹತ್ತಿರ ಬನ್ನಿ. ನೋಟಿಸ್ ಬರೆಯೋಣ. ಶಾಲೆ ಇನ್ನೂ ಶುರು ಆಗಿಲ್ಲದಿದ್ದರೆ ಮಗನನ್ನೂ ಕರೆದುಕೊಂಡು ಬನ್ನಿ.